ನಾಲ್ಕನೇ ಓಣಿಯ ಐವತ್ತನಾಲ್ಕು ಜನ

೧೧ ನವೆಂಬರ್ ೨೦೨೪, ಸೋಮವಾರ

ಸೇಡಂ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತ ಹದಿನಾಲ್ಕು ವರ್ಷವಾಯಿತು. ಇಷ್ಟು ದಿನ ಯಾವ ಸಮಿತಿಗೂ ಸಿಗದೆ ಉಳಿದಿದ್ದೆ. ಇಂದು ಸಿಕ್ಕಿಬಿದ್ದೆ.

ಫೆಬ್ರುವರಿಯಲ್ಲಿ ಕಾಲೇಜಿನ ಮೌಲ್ಯಮಾಪನಕ್ಕೆ ಹೊರಗಿನಿಂದ ತಂಡ ಬರುತ್ತದೆ. ಅಷ್ಟರೊಳಗೆ ನಮ್ಮ ಅಧ್ಯಾಪಕರು ಮಾಡಿರುವ ಸಂಶೋಧನೆಯೆಲ್ಲ ಒಂದು ಪುಸ್ತಕವಾಗಬೇಕು, ಒಬ್ಬೊಬ್ಬರಿಗೆ ಎರಡೇ ಪುಟ, ಯಾರು ಓದಿದರೂ ತಿಳಿಯುವ ಕನ್ನಡ. ಪ್ರಾಂಶುಪಾಲ ಗುರುಲಿಂಗಯ್ಯನವರು ಸಭೆಯಲ್ಲಿ ನನ್ನ ಕಡೆ ನೋಡಿದರು. "ಗುರುದೇವಿ ಮೇಡಂ, ನಿಮ್ಮ ಸಬ್ಜೆಕ್ಟ್ ಎಲ್ಲರಿಗೂ ಬೇಕು. ನೀವು ಯಾರ ಕಡಿಯವರೂ ಅಲ್ಲ. ಎಡಿಟರ್ ನೀವೇ ಆಗ್ರಿ."

ಯಾರ ಕಡೆಯವಳೂ ಅಲ್ಲ ಎನ್ನುವುದು ನಿಜ. ಒಪ್ಪಿಕೊಂಡೆ. ಸಹಪ್ರಾಧ್ಯಾಪಕಿಯಾಗುವ ನನ್ನ ಕಡತ ಅವರ ಮೇಜಿನ ಮೇಲಿದೆ ಎನ್ನುವುದೂ ನಿಜ.

ಸಂಜೆಯ ಗಾಡಿಗೆ ವಾಡಿಗೆ ಬಂದೆ. ಅಣವೀರ ಸರಕು ಗಾಡಿ ನಡೆಸಿಕೊಂಡು ಸೋಲಾಪುರದ ಕಡೆ ಹೋಗಿದ್ದಾನೆ. ರೈಲು ಚಾಲಕನನ್ನು ಮದುವೆಯಾದವಳಿಗೆ ಒಬ್ಬಳೇ ಉಣ್ಣುವುದು ಅಭ್ಯಾಸವಾಗುತ್ತದೆ.

೧೪ ನವೆಂಬರ್, ಗುರುವಾರ

ಮೊದಲು ಸಸ್ಯಶಾಸ್ತ್ರದ ಫರ್ಹಾನ್. ಒಂಬತ್ತು ವರ್ಷದಿಂದ ರಜೆ ಬಂದಾಗಲೆಲ್ಲ ಕುಂಚಾವರಂ ಕಾಡಿಗೆ ಹೋಗಿ ಗಿಡಗಳನ್ನು ತರುತ್ತಾರೆ. ಹಳೆಯ ಪತ್ರಿಕೆಗಳ ನಡುವೆ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಹೆಸರು ಬರೆದಿಡುತ್ತಾರೆ. ಮುನ್ನೂರ ಹನ್ನೊಂದು ಹಾಳೆಗಳಿವೆ. ಯಾವ ದಾರಿಯಲ್ಲಿ ನಡೆದರೋ ಆ ದಾರಿಯ ಗಿಡಗಳು. ಇದು ಇಡೀ ಕಾಡಿನ ಮಾದರಿಯಾಗದು ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಹದಿನೇಳು ಹಾಳೆಗಳಲ್ಲಿ ಹೆಸರಿನ ಜಾಗದಲ್ಲಿ "ಗೊತ್ತಿಲ್ಲ" ಎಂದಿತ್ತು. ಪುಸ್ತಕದಲ್ಲಿ ಇವನ್ನು ಬಿಡೋಣವೇ ಎಂದು ಕೇಳಿದೆ.

"ಬಿಡಬ್ಯಾಡ್ರಿ ಮೇಡಂ. ಗೊತ್ತಿಲ್ಲ ಅಂತ ಬರದಿಡೂದೂ ಒಂದು ಕಾಮ್ ಅದ. ನಾ ಏನರ ಒಂದು ಹೆಸರು ಇಟ್ಟುಬಿಟ್ರ, ಮುಂದಿನವ ಅದನ್ನ ತೆರದು ನೋಡಂಗೇ ಇಲ್ಲ."

ಹದಿನೇಳನ್ನೂ ಸೇರಿಸಿದೆ. ಸ್ಥಳ ಹೆಚ್ಚೇನೂ ಹಿಡಿಯಲಿಲ್ಲ.

೧೯ ನವೆಂಬರ್, ಮಂಗಳವಾರ

ಇತಿಹಾಸದ ಭೀಮಶ್ಯಾ ಅವರ ಎರಡು ಪುಟ ಬಂತು. ಚಿತ್ತಾಪುರ ತಾಲ್ಲೂಕಿನ ಹೊಲಗಳಲ್ಲಿ ಬಿದ್ದಿರುವ ವೀರಗಲ್ಲುಗಳ ಕುರಿತು. ಪ್ರತಿ ವಾಕ್ಯವೂ "ಇರಬಹುದು" ಎಂದು ಮುಗಿಯುತ್ತದೆ. ಇವನು ದನ ಕಾಯುವವನಿರಬಹುದು, ಇದು ಗಡಿಯ ಜಗಳವಿರಬಹುದು. ಏಳು "ಇರಬಹುದು"ಗಳನ್ನು ತೆಗೆದು ವಾಕ್ಯಗಳನ್ನು ನೇರ ಮಾಡಿದೆ. ಮಧ್ಯಾಹ್ನ ಹಾಳೆ ಹಿಡಿದು ವಿಭಾಗಕ್ಕೇ ಬಂದರು.

"ಏಳು ತೆಗದೀರಿ. ಐದರ ವಾಪಸ್ ಕೊಡ್ರಿ. ಎರಡು ನಿಮಗಿರಲಿ."

"ಓದಾವ್ರಿಗೆ ನಿಮಗ ಏನೂ ಗೊತ್ತಿಲ್ಲ ಅನಸ್ತದ್ರಿ ಸರ್."

"ಗೊತ್ತಿಲ್ಲ ಅನ್ನೂದು ಖರೇನೇ ಅದ ಅಲ್ರಿ. ಎಷ್ಟು ಗೊತ್ತದ, ಎಷ್ಟು ಗೊತ್ತಿಲ್ಲ, ಅದರ ಅಳತಿ ಅದು."

ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಳತೆಯನ್ನು, ನಾನು ವಿಶ್ವಾಸಾಂತರ ಎಂದು ಪಾಠ ಮಾಡುವುದನ್ನು, ಇವರು ಒಂದು ಕ್ರಿಯಾಪದದಲ್ಲಿ ಮುಗಿಸುತ್ತಾರೆ. ಐದು ವಾಪಸು ಕೊಟ್ಟೆ.

೨೫ ನವೆಂಬರ್, ಸೋಮವಾರ

ನನ್ನದೇ ಎರಡು ಪುಟ ಬರೆದೆ. ಅರ್ಧ ಗಂಟೆಯ ಕೆಲಸ.

೨೦೧೮ರಲ್ಲಿ ಶಹಾಬಾದಿನ ನಾಲ್ಕು ಓಣಿಗಳಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಇನ್ನೂರ ಹನ್ನೆರಡು ಕೆಲಸಗಾರರಿಗೆ ಕೊಳವೆಯಲ್ಲಿ ಊದಿಸಿ, ಎದೆಯಿಂದ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಹೊರಬರುತ್ತದೆ ಎಂದು ಅಳೆದದ್ದು. ಮೂರು ಓಣಿಗಳಲ್ಲಿ ಗಂಡಸರ ಸರಾಸರಿ ೩೭೧. ನಾಲ್ಕನೇ ಓಣಿಯಲ್ಲಿ ೪೯೮, ಅಂದರೆ ಆರೋಗ್ಯವಂತರಷ್ಟೇ. ನಾಲ್ಕನೇ ಓಣಿಯವರು ಕಲ್ಲಿಗೆ ನೀರು ಹಾಕಿಕೊಂಡು ಉಜ್ಜುತ್ತಾರೆ, ಧೂಳು ಏಳುವುದಿಲ್ಲ. ತೀರ್ಮಾನ: ನೀರು ಬಳಸಿದರೆ ಶ್ವಾಸಕೋಶ ಉಳಿಯುತ್ತದೆ. ಪಿಎಚ್.ಡಿ. ಪದವಿ ಬಂದದ್ದು ಇದರಿಂದ. ಲೇಖನವನ್ನು ಹತ್ತೊಂಬತ್ತು ಕಡೆ ಉಲ್ಲೇಖಿಸಿದ್ದಾರೆ. ಕಲ್ಲು ಕೆಲಸಗಾರರ ಎದೆಯ ಫೋಟೋ ತೆಗೆಯುವ ಎಕ್ಸ್-ರೇ ವ್ಯಾನು ಯಾವ ಓಣಿಗಳಿಗೆ ಹೋಗಬೇಕೆಂದು ಸರ್ಕಾರಿ ಕಚೇರಿಯವರು ಪಟ್ಟಿ ಮಾಡುವಾಗ, ನಾಲ್ಕನೇ ಓಣಿಯನ್ನು ಬಿಟ್ಟದ್ದಕ್ಕೆ ಕಾರಣವಾಗಿ ನನ್ನ ಲೇಖನವನ್ನೇ ಕೊಟ್ಟಿದ್ದಾರೆ. ಇದನ್ನೂ ಬರೆದೆ. ಸಂಶೋಧನೆಯಿಂದ ಸಮಾಜಕ್ಕೆ ಆದ ಉಪಯೋಗ ಎಂಬ ತಲೆಬರಹದ ಕೆಳಗೆ ಎಲ್ಲರಿಗೂ ಎರಡು ಸಾಲು ಇರಬೇಕೆಂದು ನಾನೇ ಸೂಚನೆ ಕೊಟ್ಟಿದ್ದೆ. ಫರ್ಹಾನ್ ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ.

೨ ಡಿಸೆಂಬರ್, ಸೋಮವಾರ

ಕನ್ನಡ ವಿಭಾಗದ ಅತಿಥಿ ಉಪನ್ಯಾಸಕಿ ಲುಂಬಿನಿ ಬಂದಿದ್ದಳು. ವಯಸ್ಸು ಇಪ್ಪತ್ತೊಂಬತ್ತು, ಚಿತ್ತಾಪುರದ ಕಡೆಯ ಹಳ್ಳಿ. ಕಲ್ಲು ಕೆಲಸದವರ ಪದಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಒಟ್ಟು ಹದಿನಾಲ್ಕು ಜನರ ಮಾತು ಧ್ವನಿಮುದ್ರಿಸಿಕೊಂಡಿದ್ದಾಳೆ. ಹದಿನಾಲ್ಕು ಜನರಿಂದ ಏನು ಹೇಳಲು ಸಾಧ್ಯ ಎಂದೆ.

"ಸರಾಸರಿ ಹೇಳಾಕ ಬರಲ್ಲ ಮೇಡಂ. ಒಂದು ಮಾತು ಅದ ಅಂತ ಹೇಳಾಕ ಒಬ್ಬರಿದ್ರೂ ಸಾಕು."

ಉಸಿರಿಗೆ ಸಂಬಂಧಿಸಿದ್ದೇ ಒಂಬತ್ತು ಪದಗಳಂತೆ. ಚಳಿಗಾಲಕ್ಕೆ ಬಂದು ಹೋಗುವ ಕೆಮ್ಮಿಗೆ ಒಂದು, ಕಲ್ಲಿನಿಂದ ಬಂದು ಹೋಗದ ಕೆಮ್ಮಿಗೆ ಇನ್ನೊಂದು. ಈ ಎರಡನೆಯದಕ್ಕೆ ಅವರು "ಪುಡಿದಮ್ಮು" ಎನ್ನುತ್ತಾರೆ. ಕೇಳಿಸುತ್ತೇನೆಂದು ಫೋನಿನಲ್ಲಿ ಹಾಕಿದಳು. ಅನಸುಬಾಯಿ ಎಂಬ ಹೆಂಗಸಿನ ದನಿ. ಪುಡಿದಮ್ಮು ಹೇಗೆ ಶುರುವಾಗುತ್ತದೆ ಎಂದು ಹೇಳುತ್ತ ಹೇಳುತ್ತ ಬೇರೆಡೆ ಹೊರಳಿತು.

"ಊದೂ ಮಷಿನ್ ತಂದಿದ್ರವ್ವ ಒಂದು ವರ್ಷ. ಮೂರು ಓಣಿ ಮಾಡಿದ್ರು. ನಮ್ಮ ನಾಕನೇ ಓಣಿಗಿ ಬರಲೇ ಇಲ್ಲ. ಚಾದಂಗಡ್ಯಾಗ ಕುಂತು, ರೇಶನ್ ಪಟ್ಟಿ ನೋಡಿ ಹೆಸರು ಬರ್ಕೊಂಡು ಹೋದ್ರು. ನಾವು ದಾರಿ ನೋಡಿದ್ದೇ ನೋಡಿದ್ದು."

ಲುಂಬಿನಿಗೆ ಅದು ಯಾರ ಅಧ್ಯಯನ ಎಂದು ಗೊತ್ತಿಲ್ಲ. ಪದಗಳ ಪಟ್ಟಿ ಚೆನ್ನಾಗಿದೆ, ಎರಡು ಪುಟಕ್ಕೆ ಇಳಿಸು ಎಂದು ಹೇಳಿ ಕಳಿಸಿದೆ.

೩ ಡಿಸೆಂಬರ್

ಮುದುಕಿಗೆ ನೆನಪಿನ ದೋಷವಿರಬಹುದು.

೮ ಡಿಸೆಂಬರ್, ಭಾನುವಾರ

ಹಳೆಯ ಕಡತ ತೆಗೆದೆ. ಮೂರು ಓಣಿಗಳಲ್ಲಿ ಗಂಡಸರ ಅಂಕಿಗಳ ಚದುರುವಿಕೆ, ಅಂದರೆ ಸರಾಸರಿಯಿಂದ ಅವು ಆಚೀಚೆ ಹರಡಿರುವ ಅಳತೆ, ೯೨. ನಾಲ್ಕನೆಯದರಲ್ಲಿ ೩೧. ಐವತ್ತನಾಲ್ಕು ಜನರಲ್ಲಿ ಒಬ್ಬರೂ ಮೂರುನೂರಕ್ಕಿಂತ ಕೆಳಗಿಲ್ಲ, ಒಬ್ಬರೂ ಐನೂರ ಐವತ್ತು ದಾಟಿಲ್ಲ. ಕಡತದಲ್ಲಿ ಅಕ್ಕಪಕ್ಕ ಇರುವವರ ಅಂಕಿ ಎಲ್ಲಿಯೂ ಒಂದೇ ಆಗಿಲ್ಲ. ಮನುಷ್ಯ ಅಂಕಿಗಳನ್ನು ಕಲ್ಪಿಸಿ ಬರೆಯುವಾಗ ಹೀಗೆಯೇ ಮಾಡುತ್ತಾನೆ, ಒಂದೇ ಅಂಕಿ ಮತ್ತೆ ಬಂದರೆ ಸಂಶಯ ಬರುತ್ತದೆಂದು ಹೆದರುತ್ತಾನೆ. ಎರಡನೇ ವರ್ಷದ ಮಕ್ಕಳಿಗೆ ಇದನ್ನು ನಾನೇ ಹೇಳಿಕೊಡುತ್ತೇನೆ.

ಅಣವೀರ ಮಧ್ಯಾಹ್ನ ಬಂದ. ಬದನೆಕಾಯಿ ಪಲ್ಯ ಮಾಡಿದ್ದೆ. ಉಪ್ಪಿಲ್ಲ ಎಂದ.

೧೦ ಡಿಸೆಂಬರ್, ಮಂಗಳವಾರ

ರಜೆ ಹಾಕಿ ಚಿಂಚೋಳಿ ಬಸ್ಸು ಹತ್ತಿದೆ. ಆಗ ಓಣಿಗಳಲ್ಲಿ ಅಳತೆ ತೆಗೆದು ತರುತ್ತಿದ್ದ ನನ್ನ ಕ್ಷೇತ್ರ ಸಹಾಯಕ ಚನ್ನು ಈಗ ಚಂದಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಎರಡು ಮಕ್ಕಳು. ಕಂಡೊಡನೆ ಎದ್ದು ಕುರ್ಚಿ ಒರೆಸಿದ.

"ಬರ್ರಿ ಮೇಡಂ, ಕುಂದ್ರಿ. ಚಾ ತರಸ್ತೀನಿ."

ಸುತ್ತು ಬಳಸದೆ ಕೇಳಿದೆ. ನಾಲ್ಕನೇ ಓಣಿಗೆ ಹೋಗಿದ್ದೆಯಾ?

ಅವನು ಕ್ಯಾಮೆರಾದ ಮುಚ್ಚಳ ತಿರುವಿದ. "ಹೋಗಿದ್ನಿರಿ. ಓಣಿ ತನಕ ಹೋಗಿದ್ನಿ. ಮೇ ತಿಂಗಳು, ಮಂದಿ ನಸುಕಿನಾಗ ಕೆಲಸಕ್ಕ ಹೋದ್ರ ರಾತ್ರೀನೇ ಬರ್ತಿದ್ರು. ನಾಕು ದಿನ ತಿರಗಿದ್ನಿ. ನೀವು ಫೋನ್ ಮಾಡಿ, ಶುಕ್ರವಾರದೊಳಗ ಬೇಕು ಅಂದ್ರಿ."

"ಅಂಕಿ ಎಲ್ಲಿಂದ ಬಂತು?"

"ನಾನೇ ಊದಿದ್ನಿರಿ. ಒಂದಿಪ್ಪತ್ತು ಸಲ ಊದಿ ಊದಿ ಬರದೆ. ಹೆಂಗಸರಿದ್ರ ನೂರು ಕಡಿಮಿ ಮಾಡಿದೆ. ಆಮ್ಯಾಲ ಊದೂದೂ ಬಿಟ್ಟೆ, ಸುಮ್ನ ಬರದೆ."

ಅವನಿಗೆ ಆಗ ಇಪ್ಪತ್ಮೂರು ವರ್ಷ. ಐವತ್ತನಾಲ್ಕು ಜನರ ಹೆಸರಿನ ಮುಂದೆ ಇರುವುದು ಅವನ ಎದೆಯ ಗಾಳಿ.

ಹೊರಡುವಾಗ ಬಾಗಿಲ ತನಕ ಬಂದು ಕೇಳಿದ, "ನಿಮಗ ಆಗ ಗೊತ್ತಾಗಿದ್ದಿಲ್ಲೇನ್ರಿ ಮೇಡಂ? ನೀವು ಅಷ್ಟು ಬರೋಬ್ಬರಿ ನೋಡಾವ್ರು."

ಇಲ್ಲ ಎಂದೆ.

೧೧ ಡಿಸೆಂಬರ್, ಬುಧವಾರ

ನಿನ್ನೆ ಹೇಳಿದ್ದು ಸುಳ್ಳು. ಪ್ರಬಂಧದ ನೂರ ನಾಲ್ಕನೇ ಪುಟದಲ್ಲಿ ನನ್ನದೇ ವಾಕ್ಯವಿದೆ: "ನಾಲ್ಕನೇ ಓಣಿಯಲ್ಲಿ ಚದುರುವಿಕೆ ಅಸಹಜವಾಗಿ ಕಡಿಮೆಯಿದೆ. ಎಲ್ಲರೂ ಒಂದೇ ವಿಧಾನದಲ್ಲಿ ಕೆಲಸ ಮಾಡುವುದು ಇದಕ್ಕೆ ಕಾರಣವಿರಬಹುದು."

ಇಂಥ ಜಾಗದಲ್ಲಿ ಚನ್ನುವಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ನಾನು "ಇರಬಹುದು" ಎಂದು ಬರೆದೆ. ಭೀಮಶ್ಯಾ ಆ ಪದವನ್ನು ಬಳಸುವುದು ಬೇರೆ ಕೆಲಸಕ್ಕೆ.

ನೀರಿನ ಸಂಗತಿಯನ್ನೂ ಚನ್ನುವೇ ಹೇಳಿದ್ದ. ಓಣಿಯ ಮೂಲೆಯಲ್ಲಿ ಒಂದು ನಲ್ಲಿ ಕಂಡಿತಂತೆ.

೧೫ ಡಿಸೆಂಬರ್, ಭಾನುವಾರ

ಲುಂಬಿನಿಯನ್ನು ಕರೆದುಕೊಂಡು ಶಹಾಬಾದಿಗೆ ಹೋದೆ. ಅವಳು ಚಿತ್ತಾಪುರದಿಂದ ಬಂದು ವಾಡಿಯಲ್ಲಿ ನನ್ನ ಡಬ್ಬಿ ಹತ್ತಿದಳು. ಗಾಡಿಯಲ್ಲೇ ಹೇಳಿದೆ. ಶಹಾಬಾದ್ ಇಳಿಯುವಾಗ ಅವಳು ಹೇಳಿದಳು.

"ಆ ಓಣ್ಯಾಗ ನಮ್ಮ ಸಣ್ಣವ್ವನ ಮನಿ ಅದ ಮೇಡಂ. ಸಣ್ಣಪ್ಪ ಹೋಗಿ ಮೂರು ವರ್ಷ ಆತು. ಅವರ ಹೆಸರೂ ನಿಮ್ಮ ಪಟ್ಟ್ಯಾಗ ಇರಬೇಕಲ್ಲ?"

ಇದೆ. ಮಾದರಿ ಸಂಖ್ಯೆ ೧೮೮. ಸಂಖ್ಯೆಯನ್ನು ಹೇಳಲಿಲ್ಲ. ಇದೆ ಎಂದಷ್ಟೇ ಹೇಳಿದೆ.

ಓಣಿಯಲ್ಲಿ ಗೋಡೆ, ಗಿಡ, ಒಣಹಾಕಿದ ಬಟ್ಟೆ ಎಲ್ಲದರ ಬಣ್ಣ ಒಂದೇ, ಬೂದಿ. ಅನಸುಬಾಯಿ ಅರವತ್ತರ ಆಸುಪಾಸಿನ ಹೆಂಗಸು, ಗಟ್ಟಿಮುಟ್ಟು. ಮನೆಯೊಳಗೆ ಬುದ್ಧನ ಪಟ, ಕೆಳಗೆ ಹಾಸಿಗೆ, ಹಾಸಿಗೆಯ ಮೇಲೆ ಮಗ ಅಜಯಕುಮಾರ ಗೋಡೆಗೆ ಒರಗಿ ಕುಳಿತಿದ್ದ. ಮಲಗಿದರೆ ಉಸಿರು ಕಟ್ಟುತ್ತದಂತೆ. ಚಹಾ ಕೊಟ್ಟರು, ಕುಡಿದೆ. ನಾನು ಕುಡಿಯುವವರೆಗೆ ಲುಂಬಿನಿ ತನ್ನ ಕಪ್ಪು ಎತ್ತಲಿಲ್ಲ.

ನಾನು ಯಾರೆಂದು, ಏನಾಗಿದೆಯೆಂದು ಹೇಳಿದೆ. ಕಡತ ಬಿಚ್ಚಿ ತೋರಿಸಿದೆ. ಮಾದರಿ ೧೭೧, ಅಜಯಕುಮಾರ, ವಯಸ್ಸು ೩೧, ಅಳತೆ ೫೨೦.

"ಆ ತಿಂಗಳು... ನಾ ಇಲ್ಲಿ... ಇದ್ದೇ ಇಲ್ರಿ," ಎಂದ ಅವನು. ಎರಡು ಪದಕ್ಕೊಮ್ಮೆ ನಿಲ್ಲುತ್ತಾನೆ. "ಸೋಲಾಪುರದಾಗ... ಕೆಲಸಕ್ಕಿದ್ನಿ."

ಕಲ್ಲಿಗೆ ನೀರು ಹಾಕುತ್ತಿದ್ದಿರಾ ಎಂದು ಕೇಳಿದೆ.

ಅನಸುಬಾಯಿ ನನ್ನನ್ನೂ ಲುಂಬಿನಿಯನ್ನೂ ಒಮ್ಮೆ ನೋಡಿದಳು. "ನೀರಾ? ಕುಡ್ಯಾಕ ನೀರು ಮೂರು ದಿನಕ್ಕೊಮ್ಮಿ ಬಿಡ್ತಾರ. ಕಲ್ಲಿಗಿ ಎಲ್ಲಿಂದ ಹಾಕೂದು ತಾಯಿ?"

ಹತ್ತೊಂಬತ್ತು ಉಲ್ಲೇಖಗಳು.

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಏನು ಹೇಳಬೇಕೆಂದು ಗಾಡಿಯಲ್ಲಿ ಯೋಚಿಸಿಕೊಂಡಿದ್ದೆ. ಅದು ಬೇಕಾಗಲಿಲ್ಲ. "ವ್ಯಾನ್ ಬರ್ತದಲ್ಲ, ಅದು ಎರಡು ಸಲ ಮೂರನೇ ಓಣಿ ತನಕ ಬಂದು ತಿರಗಿ ಹೋತು," ಎಂದಳು. "ನಿಮ್ಮ ಓಣಿ ಮಂದಿ ಚಂಗಾ ಅದೀರಿ ಅಂದ್ರು. ಎದಿ ಫೋಟೋ ಇಲ್ಲದ ಇದ್ರ ರೋಗ ಅದ ಅಂತ ಕಾಗದ ಆಗಂಗಿಲ್ಲ. ಕಾಗದ ಇಲ್ಲದ ಇದ್ರ ದೊಡ್ಡ ದವಾಖಾನ್ಯಾಗ ಹಾಸಿಗಿ ಸಿಗಂಗಿಲ್ಲ."

೨೨ ಡಿಸೆಂಬರ್, ಭಾನುವಾರ

ಪರಿಚಯದ ವೈದ್ಯರೊಬ್ಬರಿಂದ ಊದುವ ಕೊಳವೆ ತಂದು ನಾಲ್ಕನೇ ಓಣಿಯವರಿಗೆ ನಾನೇ ಊದಿಸಿದೆ. ಪ್ರತಿಯೊಬ್ಬರೂ ಮೂರು ಸಲ, ಅದರಲ್ಲಿ ಹೆಚ್ಚಿನದನ್ನು ಬರೆಯಬೇಕು. ಇಂದು ಹದಿನೈದು ಜನ. ಲುಂಬಿನಿ ಮಾತಿನಲ್ಲಿ ಕೂರಿಸುತ್ತಾಳೆ, ನಾನು ಬರೆಯುತ್ತೇನೆ. ಗುರುಲಿಂಗಮ್ಮ ಎಂಬಾಕೆ ಮೂರನೆಯ ಸಲ ಊದಿ, ಅಳತೆ ಮೊದಲೆರಡಕ್ಕಿಂತ ಹತ್ತು ಹೆಚ್ಚು ಬಂದದ್ದಕ್ಕೆ ಕೈ ತಟ್ಟಿಕೊಂಡು ನಕ್ಕಳು. ಹತ್ತು ಎನ್ನುವುದು ಕೊಳವೆಯ ದೋಷದ ಮಿತಿಯೊಳಗೇ ಇದೆ. ಅದನ್ನು ಹೇಳಲಿಲ್ಲ.

೨೯ ಡಿಸೆಂಬರ್, ಭಾನುವಾರ

ಮುಗಿಯಿತು. ಐವತ್ತನಾಲ್ಕರಲ್ಲಿ ಒಂಬತ್ತು ಜನ ತೀರಿಕೊಂಡಿದ್ದಾರೆ. ಹನ್ನೊಂದು ಜನ ಊರು ಬಿಟ್ಟಿದ್ದಾರೆ. ಉಳಿದ ಮೂವತ್ತನಾಲ್ಕು ಜನರನ್ನೂ ಅಳೆದೆವು. ಗಂಡಸರ ಸರಾಸರಿ ೨೮೬. ಅಜಯಕುಮಾರ ೧೪೦. ಮೂರನೇ ಸಲ ಊದಲಾಗಲಿಲ್ಲ, ಎರಡಕ್ಕೇ ನಿಲ್ಲಿಸಿದೆ. ವಿಧಾನದ ಟಿಪ್ಪಣಿಯಲ್ಲಿ ಇದನ್ನು ನಮೂದಿಸಬೇಕು.

ಊದುವ ಮೊದಲು ಒಬ್ಬೊಬ್ಬರೂ ತಮಗೇನು ಎಂದರೆಂದು ಲುಂಬಿನಿ ಬರೆದುಕೊಂಡಿದ್ದ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ತಮಗೆ ಪುಡಿದಮ್ಮು ಎಂದು ಹೇಳಿದ ಇಪ್ಪತ್ತೊಂದು ಜನರಲ್ಲಿ ಹತ್ತೊಂಬತ್ತು ಜನರ ಅಳತೆ ಮೂರುನೂರಕ್ಕಿಂತ ಕೆಳಗೆ. ಬರೀ ಕೆಮ್ಮು ಎಂದವರಲ್ಲಿ ಒಬ್ಬರೂ ಅಷ್ಟು ಕೆಳಗಿಲ್ಲ. ಕೊಳವೆ ಹೇಳುವುದನ್ನು ಅವರ ಒಂದು ಪದ ಮೊದಲೇ ಹೇಳಿತ್ತು. ಲುಂಬಿನಿಗೆ ತೋರಿಸಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

೬ ಜನವರಿ ೨೦೨೫, ಸೋಮವಾರ

ಪ್ರಾಂಶುಪಾಲರಿಗೆ ಹೇಳಿದೆ. ಲೇಖನ ಹಿಂತೆಗೆದುಕೊಳ್ಳುತ್ತೇನೆ, ವಿಶ್ವವಿದ್ಯಾಲಯಕ್ಕೂ ಎಕ್ಸ್-ರೇ ಪಟ್ಟಿಯ ಕಚೇರಿಗೂ ಪತ್ರ ಬರೆಯುತ್ತೇನೆ ಎಂದೆ. ಗುರುಲಿಂಗಯ್ಯನವರು ಕೆಟ್ಟ ಮನುಷ್ಯರಲ್ಲ. ಎದ್ದು ಬಾಗಿಲು ಹಾಕಿ ಬಂದರು.

"ಬರೀರಿ. ಬ್ಯಾಡ ಅನ್ನಲ್ಲ. ಫೆಬ್ರುವರಿ ಹನ್ನೆರಡಕ್ಕ ತಂಡ ಬರ್ತದ. ಅದು ಹೋದ ಮರುದಿನ ಬರೀರಿ. ಐದು ವಾರ. ನಿಮ್ಮ ಒಬ್ಬರ ಮಾತಲ್ಲ ಇದು, ನೂರಾ ಇಪ್ಪತ್ತು ಮಂದಿ ಅದೀವಿ ಕಾಲೇಜಿನಾಗ. ಆರು ವರ್ಷ ತಡ ಆಗೇದ, ಐದು ವಾರದಾಗ ಏನಾಗ್ತದ ಮೇಡಂ?"

ಮಾತು ಸರಿ ಎನಿಸಿತು. ಒಪ್ಪಿದೆ.

೧೭ ಜನವರಿ

ಪುಸ್ತಕ ಅಚ್ಚಿಗೆ ಹೋಯಿತು. ನನ್ನ ಎರಡು ಪುಟ ಇದ್ದ ಹಾಗೆಯೇ ಇದೆ.

೨೬ ಜನವರಿ

ಧ್ವಜಾರೋಹಣ. ಶಹಾಬಾದಿಗೆ ಹೋಗಲಿಲ್ಲ.

೨ ಫೆಬ್ರುವರಿ, ಭಾನುವಾರ

ಹೋಗಲಿಲ್ಲ. ಲುಂಬಿನಿ ಹೋಗಿದ್ದಳಂತೆ. ಕಚೇರಿಗೆ ಬರೆಯುತ್ತೇನೆಂದು ನಾನು ಹೇಳಿದ್ದ ಕಾಗದ ಎಲ್ಲಿಗೆ ಬಂತು ಎಂದು ಅನಸುಬಾಯಿ ಕೇಳಿದಳಂತೆ.

ಅಣವೀರ ಮನೆಯಲ್ಲಿದ್ದ. ಮೊದಲಿನಿಂದ ಎಲ್ಲವನ್ನೂ ಅವನಿಗೆ ಹೇಳಿದೆ, ಐದು ವಾರದ ಮಾತನ್ನೂ. ಅವನು ಶೂ ಒರೆಸುತ್ತಿದ್ದ.

"ನಮ್ಮಲ್ಲಿ ಕೆಂಪು ಸಿಗ್ನಲ್ ದಾಟಿತು ಅಂದ್ರ ಗಾಡಿ ಅಲ್ಲೇ ನಿಂದ್ರಸಬೇಕು. ನಿಂದ್ರಸಿ ನಾವೇ ಹೇಳಬೇಕು. ಮುಂದಿನ ಸ್ಟೇಷನ್ ಬರಲಿ, ಅಲ್ಲಿ ಹೇಳ್ತೀನಿ ಅನ್ನಂಗಿಲ್ಲ."

"ಹೇಳಿದವ್ರಿಗೆ ಏನ್ ಮಾಡ್ತಾರ?"

"ಗಾಡಿ ಮ್ಯಾಲಿಂದ ಇಳಸ್ತಾರ," ಎಂದ. ಇನ್ನೊಂದು ಶೂ ಎತ್ತಿಕೊಂಡ.

೧೨ ಫೆಬ್ರುವರಿ, ಬುಧವಾರ

ತಂಡ ಬಂದಿತ್ತು, ಮೂವರು. ಗ್ರಂಥಾಲಯದಲ್ಲಿ ಫರ್ಹಾನರ ಹಾಳೆಗಳು, ಭೀಮಶ್ಯಾ ತೆಗೆದ ವೀರಗಲ್ಲುಗಳ ಚಿತ್ರಗಳು, ರಸಾಯನಶಾಸ್ತ್ರದವರು ಚಿಂಚೋಳಿಯ ಬಾವಿಗಳಿಂದ ತಂದ ನೀರಿನ ಸೀಸೆಗಳು, ಲುಂಬಿನಿಯ ಧ್ವನಿಮುದ್ರಣ ಕೇಳಲು ಒಂದು ಮೇಜು. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿದ್ದರು.

ಅಧ್ಯಕ್ಷರು ಹಿರಿಯರು, ಮೈಸೂರಿನ ಕಡೆಯ ಮಾತು. ಪುಸ್ತಕವನ್ನು ಮೊದಲೇ ಓದಿಕೊಂಡು ಬಂದಿದ್ದರು. ಊಟಕ್ಕೆ ಮುಂಚಿನ ಸಭೆಯಲ್ಲಿ ಪುಟ ತೆರೆದು ಹೇಳಿದರು. ಗಿಡಗಳು, ಕಲ್ಲುಗಳು, ಪದಗಳು ಎಲ್ಲ ಸೊಗಸಾಗಿವೆ, ಆದರೆ ಜನರ ಬದುಕಿಗೆ ನೇರವಾಗಿ ತಾಕಿದ್ದು ಶಹಾಬಾದಿನ ಈ ಅಧ್ಯಯನ, ಇಷ್ಟು ಸರಳವಾದ ಪರಿಹಾರ, ಬರೀ ನೀರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಾಂಶುಪಾಲರೂ ತಟ್ಟಿದರು. ಲುಂಬಿನಿಯ ಕೈ ಮಡಿಲಲ್ಲಿತ್ತು.

ಎರಡು ಮಾತು ಹೇಳಿ ಎಂದು ನನ್ನನ್ನು ಎಬ್ಬಿಸಿದರು. ನಾಳೆ ಪತ್ರ ಹಾಕುವುದು ನಿರ್ಧಾರವಾಗಿತ್ತು, ಲಕೋಟೆಗಳು ಚೀಲದಲ್ಲೇ ಇದ್ದವು. ಧನ್ಯವಾದ ಎಂದು ಕುಳಿತುಕೊಳ್ಳಬಹುದಿತ್ತು.

"ಆ ಫಲಿತಾಂಶ ಸುಳ್ಳದರಿ ಸರ್," ಎಂದೆ. "ನಾಕನೇ ಓಣ್ಯಾಗ ಐವತ್ತನಾಕು ಮಂದೀನ ಯಾರೂ ಪರೀಕ್ಷಾ ಮಾಡಿಲ್ಲ. ಅಂಕಿ ನೋಡಿದಾಗ ನನಗ ಸಂಶಯ ಬಂದಿತ್ತು. ನಾ ಕೇಳಲಿಲ್ಲ. ಅಲ್ಲಿ ಕಲ್ಲಿಗೆ ನೀರು ಹಾಕಂಗಿಲ್ಲ. ಮಂದಿ ಸಾಯ್ಲಿಕತ್ತಾರ."

ಅಧ್ಯಕ್ಷರು ಪುಸ್ತಕ ಮುಚ್ಚಿದರು. ಹೊಸದಾಗಿ ಅಳೆದಿದ್ದೀರಾ ಎಂದು ಕೇಳಿದರು. ಹೌದೆಂದು ಪಟ್ಟಿ ಕೊಟ್ಟೆ. ಅವರು ಕೊನೆಯವರೆಗೆ ಓದಿದರು. ಪುಡಿದಮ್ಮು ಎಂದರೇನು ಎಂದು ಕೇಳಿದರು. ಲುಂಬಿನಿ ಎದ್ದು ಹೇಳಿದಳು.

ಗುರುಲಿಂಗಯ್ಯನವರು ಸಂಜೆಯವರೆಗೂ ನನ್ನೊಡನೆ ಮಾತಾಡಲಿಲ್ಲ. ಭೀಮಶ್ಯಾ ಸ್ಟೇಷನ್ನಿನ ತನಕ ಜೊತೆಗೆ ನಡೆದುಬಂದರು. ದಾರಿಯುದ್ದಕ್ಕೂ ಒಂದು ವೀರಗಲ್ಲಿನ ವಿಷಯ ಹೇಳುತ್ತಿದ್ದರು. ಏನು ಹೇಳಿದರೆಂದು ನೆನಪಿಲ್ಲ.

೧೩ ಫೆಬ್ರುವರಿ, ಗುರುವಾರ

ಲೇಖನ ಅಚ್ಚಾದ ಪತ್ರಿಕೆಗೆ, ವಿಶ್ವವಿದ್ಯಾಲಯಕ್ಕೆ, ಎಕ್ಸ್-ರೇ ಕಚೇರಿಗೆ, ಮೂರು ಪತ್ರಗಳನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆ. ಎಕ್ಸ್-ರೇ ಕಚೇರಿಯ ಪತ್ರಕ್ಕೆ ಹೊಸ ಪಟ್ಟಿ ಲಗತ್ತಿಸಿದೆ. ಮೂವತ್ತನಾಲ್ಕು ಹೆಸರು.

ನಿನ್ನೆ ಹೇಳಿದ್ದರಿಂದ ಗಳಿಸಿದ್ದು ಒಂದು ದಿನ. ಜನವರಿಯಲ್ಲಿ ಹೇಳದೆ ಕಳೆದದ್ದು ಮೂವತ್ತೇಳು.

೪ ಮಾರ್ಚ್, ಮಂಗಳವಾರ

ಬೆಳಿಗ್ಗೆ ಲುಂಬಿನಿ ಫೋನ್ ಮಾಡಿದಳು. ಅಜಯಕುಮಾರ ನಿನ್ನೆ ಮಧ್ಯಾಹ್ನ ತೀರಿಕೊಂಡ.

ಕಾಲೇಜಿಗೆ ಹೋಗಿ ಎರಡು ತರಗತಿ ತೆಗೆದುಕೊಂಡೆ. ಎರಡನೆಯದರಲ್ಲಿ ಕಾರಣ ಮತ್ತು ಸಹಸಂಬಂಧ ಪಾಠವಿತ್ತು.

ಡಿಸೆಂಬರ್ ಹದಿನೈದರಿಂದ ಫೆಬ್ರುವರಿ ಹದಿಮೂರಕ್ಕೆ ಅರವತ್ತು ದಿನ. ಈ ಅರವತ್ತು ದಿನಕ್ಕೂ ಆ ಸಾವಿಗೂ ಸಂಬಂಧವಿದೆ ಎನ್ನಲು ಒಂದೇ ಉದಾಹರಣೆ ಸಾಲದು. ಇಲ್ಲ ಎನ್ನಲೂ ಸಾಲದು.

೯ ಮಾರ್ಚ್, ಭಾನುವಾರ

ಹೋಗಿದ್ದೆ. ಓಣಿಯ ಹೆಂಗಸರು ಅನಸುಬಾಯಿಯ ಸುತ್ತ ಕುಳಿತಿದ್ದರು. ಲುಂಬಿನಿಯ ಸಣ್ಣವ್ವ ದ್ರೌಪದಿ ಸರಿದು ಜಾಗ ಕೊಟ್ಟಳು. ಗುರುಲಿಂಗಮ್ಮನಿಗೆ ಕೆಮ್ಮು ಹೆಚ್ಚಾಗಿದೆ. ದ್ರೌಪದಿಯ ಕಾಲು ಬಾತಿದೆ. ಮೂಲೆಮನೆಯ ನಾಗರತ್ನಾ ಈ ತಿಂಗಳಿಂದ ಕೆಲಸ ಬಿಟ್ಟಿದ್ದಾಳೆ. ಎರಡು ಗಂಟೆ ಕುಳಿತಿದ್ದು, ನಾಲ್ಕರ ಗಾಡಿ ತಪ್ಪಿಸಿಕೊಂಡೆ.

೧೧ ಮಾರ್ಚ್, ಮಂಗಳವಾರ

ವಿಶ್ವವಿದ್ಯಾಲಯದಿಂದ ಉತ್ತರ. ವಿಚಾರಣೆ ಮುಗಿಯುವವರೆಗೆ ಪದವಿ ಅಮಾನತಿನಲ್ಲಿರುತ್ತದೆ. ಹೆಸರಿನ ಮೊದಲು ಡಾಕ್ಟರ್ ಎಂದು ಬರೆಯಕೂಡದು. ಪ್ರಾಂಶುಪಾಲರು ವಿಭಾಗದ ಬಾಗಿಲಿನ ಮೇಲಿದ್ದ ನನ್ನ ಹೆಸರಿನ ಫಲಕವನ್ನು ತೆಗೆಸಲು ಮುಜುಗರಪಡುತ್ತಿದ್ದರು. ಸ್ಕ್ರೂಡ್ರೈವರ್ ತರಿಸಿ ನಾನೇ ತೆಗೆದೆ. ಬಡ್ತಿಯ ಕಡತ ವಾಪಸು ಬಂದಿದೆ.

ಇನ್ನೊಂದು ಪತ್ರವೂ ಬಂತು. ೧೬ರಂದು ವ್ಯಾನು ನಾಲ್ಕನೇ ಓಣಿಗೆ ಬರುತ್ತದೆ.

೧೬ ಮಾರ್ಚ್, ಭಾನುವಾರ

ವ್ಯಾನು ಹತ್ತೂವರೆಗೆ ಬಂತು. ಓಣಿಯ ಬಾಯಿ ಚಿಕ್ಕದು, ಚಾಲಕ ಮೂರು ಸಲ ಹಿಂದೆ ಮುಂದೆ ಮಾಡಿದ. ಗಂಡಸರು ಎರಡು ಕಲ್ಲು ಸರಿಸಿ ದಾರಿ ಮಾಡಿಕೊಟ್ಟರು.

ತಂತ್ರಜ್ಞನ ಕೈಯಲ್ಲಿ ಇದ್ದದ್ದು ನಾನು ಫೆಬ್ರುವರಿಯಲ್ಲಿ ಕಳಿಸಿದ ಪಟ್ಟಿ. ಒಂದೊಂದೇ ಹೆಸರು ಕೂಗಿದ. ಜನ ಪಾಳಿಯಲ್ಲಿ ನಿಂತು ಒಬ್ಬೊಬ್ಬರೇ ಮೆಟ್ಟಿಲು ಹತ್ತಿದರು. ಒಳಗೆ ಏನಾಗುತ್ತದೆಂದು ಇಳಿದವರು ನಿಂತವರಿಗೆ ಹೇಳುತ್ತಿದ್ದರು. ಗುರುಲಿಂಗಮ್ಮ ಹೋಗಿ ಬಂದಳು. ದ್ರೌಪದಿ ಹೋಗಿ ಬಂದಳು. ಆಮೇಲೆ ಅವನು "ಅಜಯಕುಮಾರ" ಎಂದ. ಇನ್ನೊಮ್ಮೆ ಕೂಗಿದ.

ಪಟ್ಟಿ ತಿದ್ದಿ ಕಳಿಸಬೇಕಿತ್ತು. ನನಗೆ ಹೊಳೆದಿರಲಿಲ್ಲ.

ಅನಸುಬಾಯಿ ಕಟ್ಟೆಯಿಂದ ಎದ್ದು ಬಂದಳು. "ಅವ ಇಲ್ಲಪ್ಪ. ಅವನ ಪಾಳಿಗಿ ನಾ ಬಂದೀನಿ. ಅವನ ಮಷಿನ್ ಬಾಜೂಕ ಕುಂತು ಹದಿನೆಂಟು ವರ್ಷ ಕಲ್ಲು ಉಜ್ಜೀನಿ. ಅವ ಕುಡದ ಪುಡೀನೇ ನಾ ಕುಡದೀನಿ. ನನ್ನ ಎದಿ ತಗೀರಿ, ಅವಂದು ನಿಮಗ ತಿಳೀತದ."

"ಹಂಗ ಬರಂಗಿಲ್ಲಮ್ಮ," ಎಂದು ಅವನು ನನ್ನ ಕಡೆ ನೋಡಿದ. "ಒಬ್ಬರ ಹೆಸರಿಗಿ ಇನ್ನೊಬ್ಬರದು ಬರ್ಯಾಕ ಆಗಲ್ಲ. ಹೌದಿಲ್ರಿ ಮೇಡಂ?"

"ಆಗಲ್ಲ," ಎಂದೆ. "ಅಕೀ ಹೆಸರೂ ಪಟ್ಟ್ಯಾಗ ಅದ. ಅಕೀ ಹೆಸರಿಗೇ ತಗೀರಿ. ಈಗ ತಗೀರಿ."

ಅವನು ಪುಟ ತಿರುವಿ ಹೆಸರು ಹುಡುಕಿದ, ಗುರುತು ಹಾಕಿದ. ಲೋಹ ಇರಬಾರದು ಎಂದ. ಅವಳು ಕೊರಳ ಸರ ಬಿಚ್ಚಿ ನನ್ನ ಕೈಯಲ್ಲಿಟ್ಟು ಮೆಟ್ಟಿಲು ಹತ್ತಿದಳು. ಬಾಗಿಲು ಹಾಕಿದರು. ಒಳಗಿನಿಂದ ಅವನ ದನಿ ಕೇಳಿಸುತ್ತಿತ್ತು. ಗದ್ದ ಮ್ಯಾಲ ಇಡ್ರಿ. ಭುಜ ಮುಂದ ತರ್ರಿ. ಉಸಿರು ಎಳಕೊಂಡು ಹಿಡೀರಿ, ಬಿಡಬ್ಯಾಡ್ರಿ, ಹಿಡೀರಿ.

ಓಣಿಯಲ್ಲಿ ಕೆಮ್ಮುತ್ತಿದ್ದವರೂ ಸುಮ್ಮನಾದರು.

"ಬಿಡ್ರಿ," ಎಂದ ಅವನು. ನಾನೂ ಉಸಿರು ಹಿಡಿದುಕೊಂಡು ನಿಂತಿದ್ದೆ ಎಂದು ಬಿಟ್ಟಾಗ ಗೊತ್ತಾಯಿತು.